ನಿಮಗಿದು ಗೊತ್ತೇ? ‘ತಪ್ಪಾಯ್ತು’ ಅನ್ನುವುದಕ್ಕೂ ಹತ್ತು ತಪ್ಪು ದಾರಿಗಳಿವೆ!

ತಪ್ಪು ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಾಡಿದ್ದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು ಮಾತ್ರ ಅಂದಿಗೂ ಇಂದಿಗೂ ಕಷ್ಟದ ಕೆಲಸ. ಹಾಗಾಗಿಯೇ ಧರ್ಮಗಳು ಅದಕ್ಕೊಂದು ನೇಮ ಮಾಡಿವೆ, ಕಾನೂನು ಅದಕ್ಕೊಂದು ಕಾವಲು ಹಾಕಿದೆ, ಕವಿಗಳು ಅದನ್ನು ದೊಡ್ಡ ಗುಣವೆಂದು ಹಾಡಿದ್ದಾರೆ. ಬೇಗೂರಿನ ಒಂದು ಹಳೆಯ ಕಲ್ಲಿನಿಂದ ಹೊರಟು ಮಡಿವಾಳದ ಪ್ರಯೋಗಾಲಯ, ಮೈಸೂರಿನ ಓಲೆಗರಿ, ಶ್ರೀಹರಿಕೋಟೆಯ ಉಡಾವಣಾ ಕೇಂದ್ರದವರೆಗೆ ತಪ್ಪೊಪ್ಪಿಗೆಯ ಜಾಡು ಹಿಡಿದರೆ ಸಿಗುವ ಸಂಗತಿಗಳು ಇಲ್ಲಿವೆ.

ಬೇಗೂರಿನ ಕಲ್ಲು ಹೇಳುವುದು

◆ ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸುವುದು ಬೇಗೂರಿನಲ್ಲಿ ಎಂಬುದು ಬಹಳ ಜನಕ್ಕೆ ಗೊತ್ತು. ಪಂಚಲಿಂಗ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ‘ಬೆಂಗಳೂರ ಕಾಳೆಗ’ವನ್ನು ಹೆಸರಿಸುತ್ತದೆ. ಆ ಕಾಲದಲ್ಲಿ ಈ ಸೀಮೆ ನೋಡಿಕೊಳ್ಳುತ್ತಿದ್ದವನು ನಾಗತ್ತರ.

◆ ಬಹಳ ಜನಕ್ಕೆ ಗೊತ್ತಿಲ್ಲದ್ದು ನಾಗತ್ತರನ ಮಗಳ ಕಲ್ಲು. ಅವಳ ಹೆಸರು ತೊಂಡಬ್ಬೆ. ಜೈನ ವಿಧಿಯಂತೆ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ ಅವಳ ನೆನಪಿಗೆ ನಿಲ್ಲಿಸಿದ ನಿಸಿದಿಗಲ್ಲು ಬೇಗೂರಿನಲ್ಲಿದೆ. ಅಪ್ಪನ ಬಳಗದವರ ಕಲ್ಲುಗಳು ಕಾಳೆಗದ ಮಾತಾಡಿದರೆ ಮಗಳ ಕಲ್ಲು ಶಾಂತವಾಗಿ ಬರಮಾಡಿಕೊಂಡ ಸಾವಿನ ಮಾತಾಡುತ್ತದೆ.

◆ ಸಲ್ಲೇಖನ ಎಂದರೆ ಅನ್ನ ನೀರು ಬಿಡುವುದಷ್ಟೇ ಎಂದುಕೊಂಡಿದ್ದೀರಾ? ಅಲ್ಲ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಹೇಳುವ ಕ್ರಮದಲ್ಲಿ ಆಹಾರದ ಮಾತು ಬರುವುದು ಆಮೇಲೆ. ಮೊದಲು ಹಗೆ, ಹಂಬಲ ಬಿಡಬೇಕು. ಮನೆಯವರನ್ನೂ ಆಳುಕಾಳುಗಳನ್ನೂ ಕ್ಷಮಿಸಿ, ಸಿಹಿ ಮಾತಿನಲ್ಲಿ ಅವರಿಂದ ಕ್ಷಮೆ ಕೇಳಬೇಕು. ನಂತರ ತಾನು ಮಾಡಿದ, ಮಾಡಿಸಿದ, ಮಾಡುವವರಿಗೆ ಸೈ ಎಂದ ಪಾಪಗಳನ್ನೆಲ್ಲ ಕಪಟವಿಲ್ಲದೆ ಹೇಳಿಕೊಳ್ಳಬೇಕು. ಈ ಹೇಳಿಕೊಳ್ಳುವಿಕೆಗೆ ‘ಆಲೋಚನೆ’ ಎಂದು ಹೆಸರು. ಕೈಯಾರೆ ಮಾಡಿದ್ದರ ಜೊತೆಗೆ, ಬೇರೆಯವರ ತಪ್ಪಿಗೆ ತಲೆಯಾಡಿಸಿದ್ದೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಗಮನಿಸಿ.

◆ ಈ ಅಂಕಣದ ಶೀರ್ಷಿಕೆಗೆ ಕಾರಣವಾದದ್ದು ಇಲ್ಲಿದೆ. ತಪ್ಪೊಪ್ಪಿಗೆಯನ್ನೇ ಕೆಡಿಸುವ ಹತ್ತು ದೋಷಗಳನ್ನು ಜೈನ ಆಚಾರ್ಯರು ಪಟ್ಟಿ ಮಾಡಿದ್ದಾರೆ. ಒಂದೊಂದನ್ನೂ ನಿಧಾನವಾಗಿ ಓದಿ:

1. ಆಕಂಪಿತ: ಗುರುವಿಗೆ ಮೊದಲು ಸೇವೆ, ಉಪಚಾರ ಮಾಡಿ, ಮನಸ್ಸು ಕರಗಿಸಿ, ಆಮೇಲೆ ಹೇಳುವುದು.
2. ಅನುಮಾನಿತ: ‘ನಾನು ಬಡಕಲು, ದೊಡ್ಡ ಪ್ರಾಯಶ್ಚಿತ್ತ ತಾಳಲಾರೆ’ ಎಂದು ಮೊದಲೇ ಸೂಚಿಸಿ, ಶಿಕ್ಷೆ ಎಷ್ಟಾದೀತೆಂದು ಅಳೆದುಕೊಂಡು ಹೇಳುವುದು.
3. ದೃಷ್ಟ: ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಒಪ್ಪಿ, ಯಾರೂ ನೋಡದ್ದನ್ನು ನುಂಗಿಕೊಳ್ಳುವುದು.
4. ಬಾದರ: ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು.
5. ಸೂಕ್ಷ್ಮ: ಸಣ್ಣಪುಟ್ಟದ್ದನ್ನು ಬಿಡಿಸಿ ಬಿಡಿಸಿ ಹೇಳಿ ದೊಡ್ಡದನ್ನು ಮುಚ್ಚುವುದು.
6. ಛನ್ನ: ‘ಇಂಥ ತಪ್ಪು ಯಾರಾದರೂ ಮಾಡಿದರೆ ಏನು ಪರಿಹಾರ?’ ಎಂದು ಇನ್ನೊಬ್ಬರ ವಿಷಯವೆಂಬಂತೆ ಕೇಳುವುದು.
7. ಶಬ್ದಾಕುಲಿತ: ಗದ್ದಲದ ನಡುವೆ, ಸರಿಯಾಗಿ ಕೇಳಿಸದ ಹಾಗೆ ಹೇಳುವುದು.
8. ಬಹುಜನ: ಒಬ್ಬ ಗುರು ಕೊಟ್ಟ ಪ್ರಾಯಶ್ಚಿತ್ತ ನಂಬದೆ ಇನ್ನೂ ಹಲವರನ್ನು ಕೇಳುತ್ತ ಹೋಗುವುದು.
9. ಅವ್ಯಕ್ತ: ತಿಳಿವಳಿಕೆಯಿಲ್ಲದವರ ಬಳಿ ಹೋಗಿ ಹೇಳಿ ಮುಗಿಸುವುದು.
10. ತತ್ಸೇವಿ: ಅದೇ ತಪ್ಪು ಮಾಡಿದವರನ್ನೇ ಹುಡುಕಿ ಹೇಳುವುದು, ಅವರು ಬೈಯುವ ಸಂಭವವಿಲ್ಲವಲ್ಲ!

ಸಿಸಿಟಿವಿಯಲ್ಲಿ ಕಂಡಷ್ಟನ್ನೇ ಒಪ್ಪುವವರಿಂದ ಹಿಡಿದು ಗದ್ದಲದಲ್ಲಿ ‘ಸಾರಿ’ ಎಂದು ಗೊಣಗಿ ಹೊರಡುವವರವರೆಗೆ ಇಂದಿನ ಯಾರನ್ನೂ ಈ ಪಟ್ಟಿ ಬಿಟ್ಟಿಲ್ಲ. ಮನುಷ್ಯರ ಮನಸ್ಸನ್ನು ಇಷ್ಟು ಹತ್ತಿರದಿಂದ ನೋಡಿದವರು ಅಪರೂಪ.

◆ ‘ತತ್ತ್ವಾರ್ಥಸೂತ್ರ’ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದೇ ಆಲೋಚನೆ, ಅಂದರೆ ಇದ್ದದ್ದನ್ನು ಇದ್ದಹಾಗೆ ಹೇಳುವುದು.

◆ ಹಿಂದಿರುಗಿ ನೋಡಿ ತಪ್ಪು ತಿದ್ದಿಕೊಳ್ಳುವ ‘ಪ್ರತಿಕ್ರಮಣ’ಕ್ಕೆ ಜೈನರಲ್ಲಿ ಐದು ವಾಯಿದೆಗಳಿವೆ: ಹಗಲಿನದು, ರಾತ್ರಿಯದು, ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ. ಭಾದ್ರಪದದ ಪರ್ವ ಮುಗಿದಾಗ ಚಿಕ್ಕಪೇಟೆಯಲ್ಲೂ ಜಯನಗರದಲ್ಲೂ ಜೈನ ಬಂಧುಗಳು ‘ಮಿಚ್ಛಾಮಿ ದುಕ್ಕಡಂ’ ಎಂದು ಪರಸ್ಪರ ಕೈಮುಗಿಯುವುದನ್ನು ನೀವು ನೋಡಿರಬಹುದು. ಅದು ಶುಭಾಶಯವಲ್ಲ, ವರ್ಷದ ಕ್ಷಮೆಯಾಚನೆ.

◆ ಇಂದು ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗದ್ಯಕೃತಿ ಎನ್ನಲಾಗುವ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಗೂ ಇದಕ್ಕೂ ನೆಂಟಿದೆ. ಅದರ 19 ಕಥೆಗಳಿಗೆ ಮೂಲ ಪ್ರಾಕೃತದ ‘ಭಗವತೀ ಆರಾಧನಾ’. ಮೇಲಿನ ಹತ್ತು ದೋಷಗಳನ್ನು ವಿಸ್ತಾರವಾಗಿ ವಿವರಿಸುವ ಗ್ರಂಥವೂ ಅದೇ.

ಬಂಡೆ, ಬಿರುದು, ಕಾವ್ಯ

◆ ಕರ್ನಾಟಕದ ನೆಲದಲ್ಲಿ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲೇ ಒಂದು ತಪ್ಪೊಪ್ಪಿಗೆ ಇದೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ ಅದು. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಒಂದು ವರ್ಷ ಕಾಲ ಸರಿಯಾಗಿ ಶ್ರಮಿಸಲೇ ಇಲ್ಲ ಎಂದು ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ್ದಾನೆ. ತನ್ನ ಆಲಸ್ಯವನ್ನು ಪ್ರಜೆಗಳೆಲ್ಲ ಓದಲಿ ಎಂದು ಕಲ್ಲಲ್ಲಿ ಕೊರೆಸಿದ ರಾಜರು ಎಷ್ಟು ಮಂದಿ ಇದ್ದಾರು?

◆ ಕಳಿಂಗ ಯುದ್ಧದ ಪಶ್ಚಾತ್ತಾಪ ಇರುವುದು ಅಶೋಕನ 13ನೆಯ ಬಂಡೆಶಾಸನದಲ್ಲಿ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ಯಲಾಯಿತು ಎಂದು ಅಂಕಿಗಳ ಸಮೇತ ಅಲ್ಲಿ ಒಪ್ಪಿಕೊಂಡಿದ್ದಾನೆ. ಆದರೆ ಪೆಟ್ಟು ತಿಂದ ಕಳಿಂಗದಲ್ಲೇ, ಅಂದರೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ, ಆ ಶಾಸನ ಇಲ್ಲ. ಅದರ ಬದಲು ಬೇರೆ ಎರಡು ಶಾಸನಗಳನ್ನು ಬರೆಸಲಾಗಿದೆ. ಆ ‘ಪ್ರತ್ಯೇಕ ಶಾಸನ’ಗಳು ಕಳಿಂಗದ ಹೊರಗೆ ಸಿಕ್ಕಿದ್ದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ.

◆ 12ನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ ಎಂಬ ವಚನಕಾರ ಇದ್ದಾನೆ. ಮನೆಗಳಿಗೆ ಕನ್ನ ಹಾಕುತ್ತಿದ್ದವನು ಶರಣನಾದ. ಶರಣನಾದ ಮೇಲೂ ಆ ‘ಕನ್ನ’ ಹೆಸರಿನಿಂದ ಅಳಿಯಲಿಲ್ಲ. ಹಳೆಯ ಬಾಳನ್ನು ಮುಚ್ಚಿಡದೆ ಅದೇ ಹೆಸರಿನಿಂದ ಅನುಭವದ ಮಾತಾಡಿದ; ಸಮಾಜ ಅವನ ಮಾತಿಗೆ ಕಿವಿಗೊಟ್ಟಿತು.

◆ ಕ್ರಿ.ಶ. 941ರ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣ ತುಂಬಿದ ಸಭೆಯಲ್ಲಿ ಭೀಷ್ಮರ ಮುಪ್ಪನ್ನು ಹೀಯಾಳಿಸುತ್ತಾನೆ. ಭೀಷ್ಮರು ಶರಶಯ್ಯೆಯಲ್ಲಿ ಒರಗಿದ ಮೇಲೆ ಅದೇ ಕರ್ಣ ಅವರ ಪಾದದ ಬಳಿ ಬಂದು ಮನ್ನಿಸಬೇಕೆಂದು ಕೇಳಿಕೊಳ್ಳುತ್ತಾನೆ. ಕರ್ಣನ ಶೌರ್ಯಕ್ಕಿಂತ ಈ ಬಾಗುವಿಕೆಯೇ ಓದುಗರ ಎದೆಯಲ್ಲಿ ಉಳಿಯುತ್ತದೆ.

◆ ‘ಗೋವಿನ ಹಾಡು’ ಎಂದರೆ ಪುಣ್ಯಕೋಟಿಯ ಸತ್ಯದ ಕಥೆ ಎನ್ನುತ್ತೇವೆ. ಅದು ಅಷ್ಟೇ ಮಟ್ಟಿಗೆ ಅರ್ಭುತ ಎಂಬ ಹುಲಿಯ ತಪ್ಪೊಪ್ಪಿಗೆಯ ಕಥೆಯೂ ಹೌದು. ಹಸು ಮಾತಿಗೆ ತಪ್ಪದೆ ಬಂದು ನಿಂತಾಗ ನಾಚಿದ್ದು ಹುಲಿ. ಪಶ್ಚಾತ್ತಾಪದಿಂದ ಪ್ರಾಣ ಬಿಟ್ಟದ್ದೂ ಹುಲಿಯೇ.

◆ ವಿಜಯನಗರದ ಹರಿಹರ, ಬುಕ್ಕರ ಬಿರುದುಗಳಲ್ಲಿ ಒಂದು ‘ಭಾಷೆಗೆ ತಪ್ಪುವ ರಾಯರ ಗಂಡ’. ಕೊಟ್ಟ ಮಾತಿಗೆ ತಪ್ಪಿದ ಅರಸರನ್ನು ದಂಡಿಸುವವನು ಎಂದರ್ಥ. ಮಾತಿಗೆ ತಪ್ಪುವುದು ಯುದ್ಧಕ್ಕೆ ಕಾರಣವಾಗುವಷ್ಟು ದೊಡ್ಡ ಅಪರಾಧವಾಗಿತ್ತು.

◆ ಓಲೆಗರಿಯ ಹಸ್ತಪ್ರತಿಗಳ ಕೊನೆಯ ಗರಿಯಲ್ಲಿ ಲಿಪಿಕಾರರು ಒಂದು ಬಿನ್ನಹ ಬರೆಯುತ್ತಿದ್ದರು. ಬೆನ್ನು, ಕತ್ತು ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕು ಎಂಬುದು ಅದರ ಭಾವ. ಎಷ್ಟೋ ಪ್ರತಿಗಳಲ್ಲಿ ಲಿಪಿಕಾರ ತನ್ನ ಬಗ್ಗೆ ಉಳಿಸಿಹೋದ ಮಾತು ಈ ವಿನಯವೊಂದೇ.

ದೇವರ ಮುಂದೆ

◆ ಹರಕೆ ಹೊತ್ತು ಮರೆತರೆ, ಮೈಲಿಗೆಯಲ್ಲಿ ದೇವರ ವಸ್ತು ಮುಟ್ಟಿದರೆ ನಮ್ಮ ಮನೆಗಳಲ್ಲಿ ಹಿರಿಯರು ‘ತಪ್ಪು ಕಾಣಿಕೆ’ ತೆಗೆದಿಡುತ್ತಾರೆ. ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದಿಟ್ಟು ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ’ ಎಂದು ಬೇಡಿಕೊಳ್ಳುತ್ತಾರೆ. ಹಣ ಎಷ್ಟು ಎಂಬುದಕ್ಕಿಂತ ಬಾಯಲ್ಲಿ ಹೇಳುವ ಆ ಮಾತೇ ಮುಖ್ಯ.

◆ ದೇಹವೂ ತಪ್ಪೊಪ್ಪಿಕೊಳ್ಳುತ್ತದೆ. ಗುಡಿಯಲ್ಲಿ ಎರಡೂ ಗಲ್ಲ ಬಡಿದುಕೊಳ್ಳುತ್ತೇವೆ. ಗಣಪನ ಮುಂದೆ ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ ಹಿಡಿದು ಬಸ್ಕಿ ಹೊಡೆಯುತ್ತೇವೆ. ಕ್ರೈಸ್ತರ ಹಳೆಯ ಲ್ಯಾಟಿನ್ ಪೂಜೆಯಲ್ಲಿ ಭಕ್ತರು ‘ಮೆಯಾ ಕುಲ್ಪಾ’ ಎಂದು ಮೂರು ಸಲ ಹೇಳುತ್ತ ಮೂರು ಸಲ ಎದೆ ತಟ್ಟಿಕೊಳ್ಳುತ್ತಿದ್ದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ‘ತಪ್ಪು ನನ್ನದೇ’ ಎನ್ನಲು ಇಂದಿಗೂ ಬಳಕೆಯಾಗುವ ಈ ನುಡಿ ಬಂದದ್ದು ಆ ಪ್ರಾರ್ಥನೆಯಿಂದಲೇ.

◆ ಸಂಧ್ಯಾವಂದನೆ ಎಂದರೆ ಅರ್ಘ್ಯ, ಗಾಯತ್ರಿ ಎಂದಷ್ಟೇ ತಿಳಿದಿದ್ದೀರಾ? ಬೆಳಗಿನ ಮಂತ್ರದಲ್ಲಿ ರಾತ್ರಿ ಮಾಡಿದ ಪಾಪಗಳನ್ನು, ಸಂಜೆಯ ಮಂತ್ರದಲ್ಲಿ ಹಗಲು ಮಾಡಿದ ಪಾಪಗಳನ್ನು ಮನಸ್ಸು, ಮಾತು, ಕೈ, ಕಾಲು, ಹೊಟ್ಟೆ ಎಂದು ಅಂಗ ಹೆಸರಿಸಿ ಒಪ್ಪಿಕೊಳ್ಳಬೇಕು. ಮಧ್ಯಾಹ್ನದ್ದರಲ್ಲಿ ತಿನ್ನಬಾರದ್ದನ್ನು ತಿಂದದ್ದು, ಕೆಟ್ಟವರ ಕೈಯಿಂದ ದಾನ ಪಡೆದದ್ದೂ ಸೇರಿದೆ. ಲಂಚ ಮುಟ್ಟಿದ ಕೈ ಈ ಮಂತ್ರ ಹೇಳುವಾಗ ಒಂದು ಗಳಿಗೆ ನಿಲ್ಲಬೇಕಲ್ಲವೇ?

◆ ಹೇಳಿಕೊಂಡ ಪಾಪ ಕಿರಿದಾಗುತ್ತದೆ ಎಂಬ ತಿಳಿವಳಿಕೆ ‘ಶತಪಥ ಬ್ರಾಹ್ಮಣ’ದಷ್ಟು ಹಳೆಯದು. ವರುಣಪ್ರಘಾಸ ಎಂಬ ಯಾಗದ ಸಂದರ್ಭದಲ್ಲಿ ಆ ಮಾತು ಬರುತ್ತದೆ.

◆ ಕೆಥೊಲಿಕ್ ಕ್ರೈಸ್ತರು ವರ್ಷಕ್ಕೆ ಒಮ್ಮೆಯಾದರೂ ಗುರುಗಳ ಬಳಿ ಪಾಪನಿವೇದನೆ ಮಾಡಬೇಕೆಂಬ ನಿಯಮ ಬಂದದ್ದು 1215ರ ಲ್ಯಾಟರನ್ ಮಹಾಸಭೆಯಲ್ಲಿ. ಅಲ್ಲಿ ಕೇಳಿದ ಒಂದು ಮಾತನ್ನೂ ಗುರು ಹೊರಗೆ ಹೇಳುವಂತಿಲ್ಲ. ಹೇಳಿದರೆ ಧರ್ಮಸಭೆಯಿಂದಲೇ ಬಹಿಷ್ಕಾರ. ನಡುವೆ ಜಾಲರಿಯಿರುವ ಮರದ ಗೂಡು 16ನೆಯ ಶತಮಾನದಲ್ಲಿ ಮಿಲಾನಿನ ಚಾರ್ಲ್ಸ್ ಬೊರೊಮಿಯೊ ಅವರ ಕಾಲದಿಂದ ಬಳಕೆಗೆ ಬಂತು.

◆ ಬೈಲಕುಪ್ಪೆಯ ಟಿಬೆಟನ್ ವಿಹಾರಗಳಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಗೆ ಭಿಕ್ಷುಗಳು ಒಟ್ಟಾಗಿ ಸೇರಿ ತಮ್ಮ ನಿಯಮಭಂಗಗಳನ್ನು ಒಪ್ಪಿಕೊಳ್ಳುತ್ತಾರೆ. ಆ ಪರಂಪರೆಯ ಭಿಕ್ಷುವಿಗೆ 253 ನಿಯಮಗಳಿವೆ. ಬುದ್ಧನ ಕಾಲದ ಉಪೋಸಥದಿಂದ ಹರಿದುಬಂದ ಪದ್ಧತಿ ಇದು.

◆ ದೇವರ ಬಳಿ ಮಾತ್ರ ಹೇಳಿಕೊಂಡರೆ ಸಾಲದು ಎನ್ನುವುದರಲ್ಲಿ ಎರಡು ಧರ್ಮಗಳು ಒಂದೇ ದನಿಯಲ್ಲಿ ಮಾತಾಡುತ್ತವೆ. ಇಸ್ಲಾಮಿನ ತೌಬಾಗೆ ತಪ್ಪು ನಿಲ್ಲಿಸುವುದು, ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು ಸೇರಿ ಮೂರು ಷರತ್ತು. ಇನ್ನೊಬ್ಬರ ಹಕ್ಕು ಕಸಿದಿದ್ದರೆ ಅದನ್ನು ಹಿಂದಿರುಗಿಸುವುದು ನಾಲ್ಕನೆಯದು. ಯೆಹೂದ್ಯರ ‘ಮಿಷ್ನಾ’ ಪ್ರಕಾರ, ಯೋಮ್ ಕಿಪ್ಪುರ್ ಉಪವಾಸವೂ ನೆರೆಯವನಿಗೆ ಮಾಡಿದ ಅನ್ಯಾಯವನ್ನು ತೊಳೆಯಲಾರದು. ಮೊದಲು ಅವನನ್ನು ಸಮಾಧಾನಪಡಿಸಬೇಕು.

ಠಾಣೆ, ಕೋರ್ಟು, ಪ್ರಯೋಗಾಲಯ

◆ ‘ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸುದ್ದಿ ದಿನವೂ ಓದುತ್ತೇವೆ. ನ್ಯಾಯಾಲಯದಲ್ಲಿ ಆ ಒಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ! 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಹೇಳುತ್ತಿದ್ದುದು ಅದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಅದನ್ನೇ ಹೇಳುತ್ತದೆ. ಬೆದರಿಕೆ, ಆಮಿಷ, ಆಶ್ವಾಸನೆಯಿಂದ ಬಂದ ಒಪ್ಪಿಗೆ ಯಾರ ಮುಂದೆ ಬಂದರೂ ಬೆಲೆಯಿಲ್ಲದ್ದು.

◆ ಒಂದು ವಿನಾಯಿತಿ ಇದೆ. ಕಸ್ಟಡಿಯಲ್ಲಿರುವ ಆರೋಪಿ ಹೇಳಿದ ಮಾಹಿತಿಯಿಂದ ಚಾಕುವೋ ಕದ್ದ ಒಡವೆಯೋ ಸಿಕ್ಕರೆ, ಹೇಳಿಕೆಯಲ್ಲಿ ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಭಾಗವನ್ನಷ್ಟೇ ಕೋರ್ಟು ನೋಡಬಹುದು. ಆರೋಪಿಯನ್ನು ಸ್ಥಳಕ್ಕೆ ಕರೆದೊಯ್ದು ಮಹಜರು ಮಾಡುವುದರ ಹಿಂದಿರುವ ಕಾರಣಗಳಲ್ಲಿ ಇದು ಮುಖ್ಯವಾದದ್ದು.

◆ ಪೊಲೀಸರಿಗೆ ಕೊಟ್ಟ ಒಪ್ಪಿಗೆಯ ಮೇಲೆ ಇಷ್ಟು ಅನುಮಾನ ಏಕೆ? 1872ರ ಕಾಯ್ದೆಯ ಕರಡು ಬರೆದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್‌ಗೆ ಇಲ್ಲಿನ ಒಬ್ಬ ಅನುಭವಿ ಅಧಿಕಾರಿ ಕಾರಣ ಹೇಳಿದ್ದನಂತೆ: ಬಿಸಿಲಲ್ಲಿ ಸಾಕ್ಷ್ಯ ಹುಡುಕಿ ಅಲೆಯುವುದಕ್ಕಿಂತ ನೆರಳಲ್ಲಿ ಕುಳಿತು ಬಡಪಾಯಿಯ ಕಣ್ಣಿಗೆ ಖಾರದ ಪುಡಿ ಹಚ್ಚುವುದು ಸಲೀಸು. ಸ್ಟೀಫನ್ ಇದನ್ನು ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ.

◆ ಸ್ಟೀಫನ್‌ಗಿಂತ ಎಷ್ಟೋ ಶತಮಾನ ಮೊದಲು ಈ ಅಪಾಯ ಕಂಡವನು ಕೌಟಿಲ್ಯ. ಅವನ ‘ಅರ್ಥಶಾಸ್ತ್ರ’ದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿ ಜಗತ್ತಿನ ಮುಂದಿಟ್ಟವರು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು. ಆರೋಪಿಯನ್ನು ಹಿಂಸಿಸಿ ಬಾಯಿ ಬಿಡಿಸುವ ವಿಧಾನಗಳನ್ನೂ ಆ ಗ್ರಂಥ ಹೇಳುತ್ತದೆ, ಅದನ್ನು ಮರೆಮಾಡಬೇಕಿಲ್ಲ. ಆದರೆ ಅದೇ ಪ್ರಕರಣದಲ್ಲಿ, ಕಳ್ಳನಲ್ಲದವನೂ ನೋವಿನ ಭಯಕ್ಕೆ ‘ನಾನೇ ಕಳ್ಳ’ ಎಂದುಬಿಡಬಹುದು ಎಂದು ಮಾಂಡವ್ಯನ ಉದಾಹರಣೆ ಕೊಟ್ಟು ಎಚ್ಚರಿಸುತ್ತದೆ. ಪೂರ್ತಿ ಪುರಾವೆ ಸಿಕ್ಕ ಮೇಲೆಯೇ ದಂಡಿಸಬೇಕು ಎನ್ನುತ್ತದೆ.

◆ ಹಾಗಾದರೆ ಕಾನೂನು ಒಪ್ಪುವ ತಪ್ಪೊಪ್ಪಿಗೆ ಹೇಗಿರಬೇಕು? ಮ್ಯಾಜಿಸ್ಟ್ರೇಟರ ಮುಂದೆ ಇರಬೇಕು. ‘ನೀನು ಒಪ್ಪಿಕೊಳ್ಳಲೇಬೇಕೆಂದಿಲ್ಲ, ಒಪ್ಪಿಕೊಂಡರೆ ನಿನ್ನ ವಿರುದ್ಧವೇ ಬಳಕೆಯಾದೀತು’ ಎಂದು ಅವರು ಮೊದಲೇ ಎಚ್ಚರಿಸಬೇಕು. ಸ್ವಂತ ಇಚ್ಛೆಯಿಂದ ಹೇಳುತ್ತಿದ್ದಾನೆಂದು ಅವರಿಗೆ ಮನವರಿಕೆಯಾಗಬೇಕು, ಹಾಗೆಂದು ಷರಾ ಬರೆದು ಸಹಿ ಮಾಡಬೇಕು. ಕೊನೆಯ ಗಳಿಗೆಯಲ್ಲಿ ಆರೋಪಿ ‘ಒಲ್ಲೆ’ ಎಂದರೆ ಅವನನ್ನು ಮತ್ತೆ ಪೊಲೀಸರ ವಶಕ್ಕೆ ಒಪ್ಪಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೆಯ ಕಲಮಿನಲ್ಲಿ ಇದೆಲ್ಲ ಇದೆ.

◆ ಕರ್ನಾಟಕದಲ್ಲೇ ಇದಕ್ಕೆ ಹೊರತಾದ ಕಾಯ್ದೆಯೊಂದಿದೆ. ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆಂದು ಬಂದ 2000ದ ‘ಕೋಕಾ’ ಕಾಯ್ದೆಯಡಿ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಗೆ, ನಿಗದಿಯಾದ ಷರತ್ತುಗಳೊಂದಿಗೆ, ಮಾನ್ಯತೆ ಇದೆ.

◆ ಬೇಗೂರಿನಿಂದ ಕೆಲವೇ ಕಿಲೋಮೀಟರು ದೂರದ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಮಂಪರು ಪರೀಕ್ಷೆಯ ಸುದ್ದಿಗಳಲ್ಲಿ ಬೆಂಗಳೂರಿನ ಹೆಸರು ದೇಶವೆಲ್ಲ ಕೇಳಿಬರುತ್ತಿದ್ದ ಕಾಲವೊಂದಿತ್ತು. ಸೋಡಿಯಂ ಪೆಂಟಥಾಲ್ ಚುಚ್ಚಿ, ಅರೆಪ್ರಜ್ಞೆಯಲ್ಲಿರುವಾಗ ಪ್ರಶ್ನೆ ಕೇಳುವ ಪರೀಕ್ಷೆ ಅದು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು: ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆಗೆ ಒಡ್ಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತ ಮಾಡಬಾರದೆಂಬ ಸಂವಿಧಾನದ 20(3)ನೆಯ ವಿಧಿಯೇ ಅದಕ್ಕೆ ಆಧಾರ. ಇಡೀ ದೇಶಕ್ಕೆ ದಾರಿ ತೋರಿದ ಈ ತೀರ್ಪಿನ ಹೆಸರಲ್ಲೇ ಕರ್ನಾಟಕವಿದೆ.

◆ ಅಂಚೆಯಲ್ಲೂ ತಪ್ಪೊಪ್ಪಿಕೊಳ್ಳಬಹುದು! ದಂಡ ಮಾತ್ರ ವಿಧಿಸಬಹುದಾದ ಕೆಲವು ಸಣ್ಣ ಅಪರಾಧಗಳಲ್ಲಿ, ಸಮನ್ಸಿನಲ್ಲಿ ಸೂಚಿಸಿದ ದಂಡದ ಹಣದ ಜೊತೆ ಲಿಖಿತ ಒಪ್ಪಿಗೆ ಕಳಿಸಿದರೆ ಕೋರ್ಟಿಗೆ ಖುದ್ದಾಗಿ ಹೋಗಬೇಕಿಲ್ಲ. ದಂಡದ ಮಿತಿ ಈಗ 5,000 ರೂಪಾಯಿ. ವಾಹನ ಕಾಯ್ದೆಯ ಅಪರಾಧಗಳು ಇದರಲ್ಲಿ ಸೇರುವುದಿಲ್ಲ.

◆ ತಪ್ಪೊಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ‘ಪ್ಲೀ ಬಾರ್ಗೇನಿಂಗ್’ ನಮ್ಮಲ್ಲಿ ಜಾರಿಗೆ ಬಂದದ್ದು 2006ರ ಜುಲೈ 5ರಂದು. ಏಳು ವರ್ಷ ಮೀರಿದ ಶಿಕ್ಷೆಯಿರುವ ಅಪರಾಧಗಳಿಗೂ, ಮಹಿಳೆಯರ ಮೇಲಿನ ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೂ ಅದು ಅನ್ವಯಿಸುವುದಿಲ್ಲ. ಪರಿಹಾರದ ಮಾತುಕತೆಯಲ್ಲಿ ನೊಂದವರೂ ಭಾಗಿಯಾಗುತ್ತಾರೆ ಎಂಬುದು ಅದರ ಒಳ್ಳೆಯ ಅಂಶ.

◆ ನ್ಯಾಯಾಂಗ ನಿಂದನೆಗೆ 1971ರ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ ಇಲ್ಲವೇ ಎರಡೂ ಇವೆ. ಕೋರ್ಟಿಗೆ ಒಪ್ಪಿಗೆಯಾಗುವ ಕ್ಷಮೆ ಕೇಳಿದರೆ ಎರಡನ್ನೂ ಬಿಡಬಹುದು. ಆರೋಪಿ ಪ್ರಾಮಾಣಿಕನಾಗಿದ್ದರೆ, ಷರತ್ತು ಹಾಕಿ ಕ್ಷಮೆ ಕೇಳಿದ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದೆಂದೂ ಕಾಯ್ದೆಯೇ ಹೇಳುತ್ತದೆ.

ದಂಡ ಕಟ್ಟಿದರೆ ಮುಗಿಯಿತೇ?

◆ 2023ರ ಫೆಬ್ರುವರಿ 3ರಿಂದ 11ರವರೆಗೆ ಬಾಕಿ ಸಂಚಾರ ದಂಡಕ್ಕೆ ಸರ್ಕಾರ ಶೇ 50 ರಿಯಾಯಿತಿ ಕೊಟ್ಟಿತು. ಬೆಂಗಳೂರಿಗರು ಠಾಣೆಗಳ ಮುಂದೆ ಸಾಲುಗಟ್ಟಿದರು, ಆನ್‌ಲೈನ್‌ನಲ್ಲೂ ಕಟ್ಟಿದರು. ಆ ಕೆಲವೇ ದಿನಗಳಲ್ಲಿ ಸಂಗ್ರಹವಾದದ್ದು 120 ಕೋಟಿ ರೂಪಾಯಿಗೂ ಹೆಚ್ಚು. ಬಾಕಿ ತೀರಿತು, ಒಳ್ಳೆಯದೇ. ಆದರೆ ಸಿಗ್ನಲ್ ಹಾರುವುದು ನಿಂತಾಗಲೇ ಆ ಒಪ್ಪಿಗೆ ಪೂರ್ತಿಯಾಗುವುದು.

◆ ‘ಅಕ್ರಮ-ಸಕ್ರಮ’ವೂ ತಪ್ಪೊಪ್ಪಿಗೆಯ ಯೋಜನೆಯೇ. ಮನೆ ಕಟ್ಟುವಾಗ ನಿಯಮ ಮೀರಿದ್ದೇನೆಂದು ಮಾಲೀಕರೇ ಅರ್ಜಿ ಹಾಕಿ ದಂಡ ಕಟ್ಟಿದರೆ, ವಸತಿ ಕಟ್ಟಡದಲ್ಲಿ ಶೇ 50ರವರೆಗಿನ, ವಾಣಿಜ್ಯ ಕಟ್ಟಡದಲ್ಲಿ ಶೇ 25ರವರೆಗಿನ ಉಲ್ಲಂಘನೆ ಸಕ್ರಮವಾಗಬೇಕಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿದ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ದಂಡದ ಹಣದಿಂದ ಕಡತ ಸರಿಯಾಗಬಹುದು. ಪಕ್ಕದ ಮನೆಗೆ ತಪ್ಪಿದ ಗಾಳಿ ಬೆಳಕು ಮರಳುವುದಿಲ್ಲ.

◆ ಜಗಳ, ಪುಂಡಾಟಗಳಲ್ಲಿ ಠಾಣೆಯವರು ‘ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು’ ಎನ್ನುತ್ತೇವೆ. ಮುಚ್ಚಳಿಕೆಯ ಜೀವಾಳ ಇರುವುದು ‘ಇನ್ನು ಮುಂದೆ ಸರಿಯಾಗಿರುತ್ತೇನೆ’ ಎಂಬ ಕರಾರಿನಲ್ಲಿ. ಅದರ ಮುಖ ಮುಂದಿನ ನಡತೆಯ ಕಡೆಗೆ.

ದೊಡ್ಡವರು ತಲೆಬಾಗಿದಾಗ

◆ 1995ರ ಕಾಯ್ದೆಯಡಿ ದಕ್ಷಿಣ ಆಫ್ರಿಕಾ ಸ್ಥಾಪಿಸಿದ ‘ಸತ್ಯ ಮತ್ತು ಸಂಧಾನ ಆಯೋಗ’ಕ್ಕೆ ಡೆಸ್ಮಂಡ್ ಟುಟು ಅಧ್ಯಕ್ಷರು. ವರ್ಣಭೇದದ ಕಾಲದ ರಾಜಕೀಯ ಅಪರಾಧಗಳನ್ನು ಪೂರ್ತಿಯಾಗಿ ಹೇಳಿಕೊಂಡವರಿಗೆ ಮಾತ್ರ ಕ್ಷಮಾದಾನ. ಅರ್ಜಿ ಹಾಕಿದವರು 7,112 ಮಂದಿ. ಕ್ಷಮೆ ಸಿಕ್ಕಿದ್ದು 849 ಮಂದಿಗೆ. ಅರ್ಧಂಬರ್ಧ ಸತ್ಯಕ್ಕೆ ಅಲ್ಲಿ ಜಾಗವಿರಲಿಲ್ಲ.

◆ ‘ವಿಷಾದ’ ಬೇರೆ, ‘ಕ್ಷಮೆ’ ಬೇರೆ. 1914ರಲ್ಲಿ 376 ಪ್ರಯಾಣಿಕರಿದ್ದ ‘ಕೊಮಗಾತ ಮಾರು’ ಹಡಗನ್ನು ದಡ ಸೇರಿಸದೆ ಹಿಂದಟ್ಟಿದ್ದಕ್ಕೆ ಕೆನಡಾದ ಪ್ರಧಾನಿ 2016ರ ಮೇ 18ರಂದು ಸಂಸತ್ತಿನಲ್ಲಿ ಪೂರ್ಣ ಕ್ಷಮೆ ಕೇಳಿದರು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ಬ್ರಿಟನ್ನಿನ ಪ್ರಧಾನಿ 2019ರ ಏಪ್ರಿಲ್ 10ರಂದು ಸಂಸತ್ತಿನಲ್ಲಿ ಆಡಿದ್ದು ವಿಷಾದದ ಮಾತು ಮಾತ್ರ. ಕ್ಷಮೆಯ ಮಾತು ಇನ್ನೂ ಬಾಕಿಯಿದೆ.

◆ ಗೆಲಿಲಿಯೊ ವಿಚಾರಣೆ ನಡೆದದ್ದು 1633ರಲ್ಲಿ. ಅವನನ್ನು ನಡೆಸಿಕೊಂಡ ರೀತಿ ತಪ್ಪೆಂದು ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿಕೊಂಡದ್ದು 1992ರ ಅಕ್ಟೋಬರ್ 31ರಂದು. 359 ವರ್ಷ ತಡವಾದರೂ ಆ ಒಪ್ಪಿಗೆ ಬಂತು.

◆ 1956ರಲ್ಲಿ ಅರಿಯಲೂರಿನ ರೈಲು ಅಪಘಾತದ ಹೊಣೆ ಹೊತ್ತು ಸಚಿವ ಲಾಲ್ ಬಹಾದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಕರ್ನಾಟಕದಲ್ಲಿ 1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸ್ಥಾನ ಬಂದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರಲ್ಲಿ ಗೆದ್ದು ಬಂದರು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ನೈತಿಕ ಹೊಣೆ ಹೊತ್ತು ಮತ್ತೆ ಕುರ್ಚಿ ಬಿಟ್ಟರು.

◆ 1927ರಲ್ಲಿ ಗಾಂಧೀಜಿ ನಂದಿ ಬೆಟ್ಟದಲ್ಲೂ ಬೆಂಗಳೂರಿನ ಕುಮಾರ ಪಾರ್ಕಿನಲ್ಲೂ ವಿಶ್ರಾಂತಿಗೆ ತಂಗಿದ್ದಾಗ ಅವರ ಆತ್ಮಕಥೆ ‘ನವಜೀವನ’ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿತ್ತು. ಅದರಲ್ಲಿ ಎರಡು ತಪ್ಪೊಪ್ಪಿಗೆಗಳು ಮರೆಯಲಾಗದಂಥವು. ಒಂದು, ಜನ ಸಿದ್ಧರಾಗುವ ಮೊದಲೇ ಕಾನೂನು ಭಂಗಕ್ಕೆ ಕರೆಕೊಟ್ಟದ್ದು ಹಿಮಾಲಯದಷ್ಟು ದೊಡ್ಡ ತಪ್ಪೆಂದು 1919ರಲ್ಲಿ ಬಹಿರಂಗವಾಗಿ ಹೇಳಿದ್ದು. ಇನ್ನೊಂದು, 15ರ ವಯಸ್ಸಿನಲ್ಲಿ ಅಣ್ಣನ ತೋಳಬಂದಿಯ ಚಿನ್ನದ ತುಣುಕು ಕದ್ದದ್ದನ್ನು ಚೀಟಿಯಲ್ಲಿ ಬರೆದು, ಕಾಯಿಲೆ ಮಲಗಿದ್ದ ತಂದೆಯ ಕೈಗಿತ್ತದ್ದು. ಶಿಕ್ಷೆ ಕೊಡಿ ಎಂದೂ, ಇನ್ನು ಕದಿಯುವುದಿಲ್ಲವೆಂದೂ ಅದರಲ್ಲಿ ಬರೆದಿದ್ದರು. ತಂದೆ ಎದ್ದು ಕೂತು ಓದಿದರು. ಕಣ್ಣೀರು ಚೀಟಿಯನ್ನು ತೋಯಿಸಿತು. ಒಂದು ಗಳಿಗೆ ಕಣ್ಣು ಮುಚ್ಚಿ, ಚೀಟಿ ಹರಿದು ಹಾಕಿದರು. ಒಂದು ಮಾತೂ ಬೈಯಲಿಲ್ಲ.

◆ ಅಮೆರಿಕದಲ್ಲಿ ನಾಸಾ 1976ರಿಂದ ನಡೆಸುತ್ತಿರುವ ವರದಿ ವ್ಯವಸ್ಥೆಯೊಂದಿದೆ. ಪೈಲಟ್ ತನ್ನಿಂದಾದ ತಪ್ಪನ್ನು 10 ದಿನದೊಳಗೆ ತಾನೇ ತಿಳಿಸಿದರೆ, ಅದು ಬೇಕೆಂದೇ ಮಾಡಿದ್ದಲ್ಲದಿದ್ದರೆ, ಸಾಮಾನ್ಯವಾಗಿ ದಂಡನೆಯಿಂದ ಪಾರು. ಹೆಸರು ಗುಟ್ಟಾಗಿರುತ್ತದೆ, ತಪ್ಪಿನ ಪಾಠ ಮಾತ್ರ ಎಲ್ಲ ಪೈಲಟ್‌ಗಳಿಗೂ ಸಿಗುತ್ತದೆ.

◆ 1979ರ ಆಗಸ್ಟ್ 10. ಎಸ್‌ಎಲ್‌ವಿ-3 ರಾಕೆಟ್ ಶ್ರೀಹರಿಕೋಟೆಯಿಂದ ಹಾರಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನೇತೃತ್ವ ಎ.ಪಿ.ಜೆ. ಅಬ್ದುಲ್ ಕಲಾಂ ಅವರದು. ಕಂಪ್ಯೂಟರ್ ಬೇಡವೆಂದರೂ ಉಡಾವಣೆಗೆ ಸೈ ಎಂದವನು ನಾನೇ ಎಂದು ಅವರು ಮುಂದೆ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡರು. ಆದರೆ ಅಂದು ಪತ್ರಕರ್ತರೆದುರು ಕೂತು ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಧವನ್ ಹಿಂದೆ ಸರಿದು ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಕಳಿಸಿದರು.

ಕಾಯ್ದೆ, ಕಾವ್ಯ, ಕಲ್ಲು ಎಲ್ಲ ಒಂದೇ ಕಡೆ ಬೆರಳು ತೋರುತ್ತವೆ. ಬಲವಂತವಿಲ್ಲದೆ, ಪೂರ್ತಿಯಾಗಿ, ತಿದ್ದಿಕೊಳ್ಳುವ ಮನಸ್ಸಿನಿಂದ ಬಂದ ಒಪ್ಪಿಗೆಯೇ ಒಪ್ಪಿಗೆ. ಅದು ಬಾಯಿಗೆ ಬರಬೇಕಾದರೆ ಕೇಳುವ ಕಡೆಯೂ ದೊಡ್ಡ ಮನಸ್ಸಿರಬೇಕು. ಗಾಂಧೀಜಿಯ ತಂದೆ, ಸತೀಶ್ ಧವನ್ ಇಬ್ಬರಲ್ಲೂ ಇದ್ದದ್ದು ಅದೇ. ಮನೆಯಲ್ಲಿ ಮಗು ‘ಲೋಟ ಒಡೆದೆ’ ಎಂದು ತಾನಾಗಿ ಬಂದಾಗ, ಕಚೇರಿಯಲ್ಲಿ ಕಿರಿಯರು ‘ಲೆಕ್ಕ ತಪ್ಪಿದೆ ಸರ್’ ಎಂದು ಫೈಲು ಹಿಡಿದು ನಿಂತಾಗ ನಮ್ಮ ಮೊದಲ ಮಾತು ಬೈಗುಳವಾದರೆ ಮುಂದಿನ ತಪ್ಪು ನಮ್ಮವರೆಗೆ ಬರುವುದೇ ಇಲ್ಲ. ‘ಹೇಳಿದ್ದು ಒಳ್ಳೇದಾಯ್ತು, ಈಗ ಸರಿಮಾಡೋಣ’ ಎಂಬ ಮಾತು ನಮ್ಮ ಬಾಯಿಗೂ ರೂಢಿಯಾಗಲಿ.